ಪುಸ್ತಕದ ಬದನೆಕಾಯಿ ಮತ್ತು ಬಿಸಿನೆಸ್ ಅನಾಲಿಸಿಸ್

ಬಿಸಿನೆಸ್ ಅನಾಲಿಸ್ಟ್ ಆಗ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದವರಿಗೆಲ್ಲ ಸಿಗೋ ಉತ್ತರ ಒಂದೇ: ‘ಬ್ಯಾಬಾಕ್ ಓದು’. 2003ರಲ್ಲಿ ಕೆನಡಾದಲ್ಲಿ ಹುಟ್ಟಿದ ಐಐಬಿಎ ಸಂಸ್ಥೆಯ ಕೈಪಿಡಿ ಅದು. ಮೂರನೇ ಆವೃತ್ತಿ ಬಂದಿದ್ದು 2015ರಲ್ಲಿ. 6 ಜ್ಞಾನಕ್ಷೇತ್ರ, 50 ತಂತ್ರ, ಐನೂರು ದಾಟುವ ಪುಟಗಳು. ಪುಸ್ತಕ ಕೆಟ್ಟದ್ದಲ್ಲ. ಆದ್ರೆ ಹೊಸಬರ ಕೈಗೆ ಮೊದಲು ಕೊಡೋ ಪುಸ್ತಕ ಇದಲ್ಲ ಅನ್ನೋದು ನನ್ನ ತಕರಾರು.

ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ. ಎರಡನೇ ಅಧ್ಯಾಯ ಅಗತ್ಯವನ್ನೂ ಪರಿಹಾರವನ್ನೂ ಬೇರೆ ಬೇರೆ ಮಾಡಿ ಇಡುತ್ತೆ. ಗ್ರಾಹಕ ‘ಇಲ್ಲೊಂದು ಬಟನ್ ಹಾಕಿ’ ಅಂದ್ರೆ ಅದು ಪರಿಹಾರ. ಯಾಕೆ ಬೇಕು ಅನ್ನೋದು ಅಗತ್ಯ. ಕೇಳಿದ ತಕ್ಷಣ ಕೋಡ್ ಬರೆಯೋಕೆ ಕೂರೋ ನಮ್ಮಂಥ ಬಿಇ ಮಂದಿ ಇದೊಂದನ್ನ ಕಲಿತರೂ ಪುಸ್ತಕದ ದುಡ್ಡು ವಸೂಲು.

ಇನ್ನು ತಕರಾರು. ಹತ್ತನೇ ಅಧ್ಯಾಯದ 50 ತಂತ್ರಗಳನ್ನ ಜೋಡಿಸಿರೋದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಹಾಗಾಗಿ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಮೂರನೆಯದು. ಜನರನ್ನ ಮಾತಾಡಿಸೋದು 25ನೆಯದು, ಕೆಲಸ ನಡೆಯೋ ಜಾಗಕ್ಕೆ ಹೋಗಿ ನೋಡೋದು 31ನೆಯದು! ನಿಘಂಟಿಗೆ ಸರಿ, ಪಾಠಕ್ಕಲ್ಲ. ಯಾವುದು ದಿನಾ ಬೇಕು, ಯಾವುದು ಅಪರೂಪಕ್ಕೆ ಬೇಕು ಅಂತ ಹೊಸಬರಿಗೆ ಗೊತ್ತಾಗೋದಾದ್ರೂ ಹೇಗೆ? ಸಾಲದ್ದಕ್ಕೆ ಅನುಭವವೇ ಬೇಡದ ಇಸಿಬಿಎ ಪರೀಕ್ಷೆ ಬೇರೆ ಇದೆ. ವ್ಯಾಖ್ಯೆ ಉರು ಹೊಡೆದು ಪಾಸಾದ್ರೆ ಕೈಯಲ್ಲಿ ಉಳಿಯೋದು ಪುಸ್ತಕದ ಬದನೆಕಾಯಿ.

ಈ ಪುಸ್ತಕದಲ್ಲಿ ಇಲ್ಲದಿರೋದು ಒಂದು ಕೆಲಸದ ಪೂರ್ತಿ ಕತೆ. ನಮ್ಮಲ್ಲೇ ‘ಭೂಮಿ’ ಇದೆಯಲ್ಲ, ಅದನ್ನೇ ತಗೊಳ್ಳಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು ಕಂಪ್ಯೂಟರಿಗೆ ಹೋದವು. ‘ಪಹಣಿಯನ್ನ ಕಂಪ್ಯೂಟರಿಗೆ ಹಾಕಿ’ ಅನ್ನೋದು ಬರೀ ಪರಿಹಾರ. ಅಗತ್ಯ ಇದ್ದಿದ್ದು ಬೇರೆ ಕಡೆ: ಯಾರ ಖಾತೆ ಬದಲಾವಣೆಯ ಅರ್ಜಿ ಮೊದಲು ನೋಡ್ಬೇಕು ಅನ್ನೋದು ಅಧಿಕಾರಿಯ ಮರ್ಜಿಗೆ ಬಿಟ್ಟಿತ್ತು. ‘ಭೂಮಿ’ಯಲ್ಲಿ ಮೊದಲು ಬಂದ ಅರ್ಜಿ ಮೊದಲು ಅನ್ನೋ ನಿಯಮವನ್ನ ತಂತ್ರಾಂಶದ ಒಳಗೇ ಕೂರಿಸಿದ್ರು. ಇದು ಅನಾಲಿಸಿಸ್.

ಅದರ ಇನ್ನೊಂದು ಮಗ್ಗುಲೂ ಪಾಠವೇ. 15 ರೂಪಾಯಿಗೆ ಪಹಣಿ ಸಿಗ್ತಿತ್ತು, ನಿಜ. ಆದ್ರೆ ಸಿಗೋ ಜಾಗ ಊರಿಂದ ತಾಲೂಕು ಕಚೇರಿಗೆ ಹೋಯ್ತು. ಬೆಳೆ ಸಾಲಕ್ಕೆ ಪಹಣಿ ಬೇಕಾದ ರೈತನ ಬಸ್ ಚಾರ್ಜು, ಒಂದು ದಿನದ ಕೂಲಿ ಆ 15 ರೂಪಾಯಲ್ಲಿ ಸೇರಿರಲಿಲ್ಲ. ಹಳೇ ಪುಸ್ತಕದಲ್ಲಿ ಹೆಸರು ತಪ್ಪಿದ್ರೆ, ಹಾಗೇ ನಕಲಾದ ತಪ್ಪು ಪ್ರಿಂಟಿನಲ್ಲೂ ಬರುತ್ತೆ. ಸ್ಟೇಕ್‌ಹೋಲ್ಡರ್ ಅನ್ನೋ ಪದಕ್ಕೆ ಪುಸ್ತಕದಲ್ಲಿ ವ್ಯಾಖ್ಯೆ ಇದೆ. ಆದ್ರೆ ಕಿಟಕಿಯ ಹೊರಗೆ ನಿಂತವನನ್ನ ಮರೆತ್ರೆ ಯಾರು ಎಷ್ಟು ಕಳ್ಕೋತಾರೆ ಅಂತ ವ್ಯಾಖ್ಯೆಯಿಂದ ತಿಳಿಯಲ್ಲ.

ಹಾಗಾದ್ರೆ ಓದೋದು ಹೇಗೆ? ಎರಡನೇ ಅಧ್ಯಾಯ ಓದಿ. ಆಮೇಲೆ ಸೀದಾ ಹತ್ತಕ್ಕೆ ಹಾರಿ, ಸಂದರ್ಶನ, ವೀಕ್ಷಣೆ, ದಾಖಲೆಗಳ ವಿಶ್ಲೇಷಣೆ, ಪ್ರೋಸೆಸ್ ಮಾಡೆಲಿಂಗ್ ಈ ನಾಲ್ಕನ್ನ ಮಾತ್ರ ಹಿಡೀರಿ. ನಿಮ್ಮೂರಿನ ಹಾಲಿನ ಡೇರಿಗೋ ಸೊಸೈಟಿಗೋ ಹೋಗಿ, ಕೇಳಿ ಒಪ್ಪಿಗೆ ತಗೊಂಡು ಅರ್ಧ ದಿನ ಕೂತ್ಕೊಳ್ಳಿ. ಯಾರು ಏನು ತರ್ತಾರೆ, ಯಾರು ಏನು ಬರ್ಕೋತಾರೆ, ಎಲ್ಲಿ ಕಾಯ್ತಾರೆ ಅಂತ ಒಂದು ಹಾಳೆಯಲ್ಲಿ ಗೆರೆ ಎಳೀರಿ. ಅದನ್ನ ಅಲ್ಲಿನವರಿಗೇ ತೋರಿಸಿ, ತಿದ್ದಿಸ್ಕೊಳ್ಳಿ. ಮಿಕ್ಕ ಅಧ್ಯಾಯಗಳನ್ನ ಆಮೇಲೆ ಓದಿದ್ರೆ ಒಂದೊಂದು ಸಾಲೂ ಅರ್ಥ ಆಗುತ್ತೆ.