ಸಂತ ತೆರೇಸಮ್ಮನವರ ಆತ್ಮಕಥೆ: ಸರಳ ಸಾಕ್ಷ್ಯದ ಬಲ

ಧರ್ಮಪ್ರಚಾರ ಕಾರ್ಯಕ್ಕೆ ಧರ್ಮಸಭೆಯು ಇಬ್ಬರು ಪಾಲಕ ಸಂತರನ್ನು ಕೊಟ್ಟಿದೆ. ಒಬ್ಬರು ಸಂತ ಫ್ರಾನ್ಸಿಸ್ ಝೇವಿಯರ್. 1542ರಲ್ಲಿ ಗೋವೆಗೆ ಬಂದಿಳಿದು, ಜಪಾನಿನವರೆಗೂ ಕಡಲು ದಾಟಿ ಹೋದವರು. ಮತ್ತೊಬ್ಬರು ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಮ್ಮನವರು. 1888ರಲ್ಲಿ ತಮ್ಮ 15ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠವನ್ನು ಸೇರಿ, 1897ರಲ್ಲಿ ಕ್ಷಯರೋಗದಿಂದ ಮರಣ ಹೊಂದುವವರೆಗೂ ಅಲ್ಲಿಯೇ ಉಳಿದವರು. 1927ರಲ್ಲಿ ಪೋಪ್ 11ನೇ ಪಿಯುಸರು ಈ ಮಠವಾಸಿನಿಯನ್ನು ಆ ಮಹಾ ಪ್ರಯಾಣಿಕರ ಪಕ್ಕದಲ್ಲಿ ನಿಲ್ಲಿಸಿದರು. ಧರ್ಮಪ್ರಚಾರಕರಿಗಾಗಿ ಅವರು ಪ್ರಾರ್ಥಿಸಿದರು ಎಂಬ ಕಾರಣವನ್ನು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಅದು ನಿಜ. ಆದರೆ ಅವರು ತಮ್ಮ ವಿಶ್ವಾಸವನ್ನು ಹೇಳಿಕೊಂಡ ರೀತಿಯೂ ಒಂದು ದೊಡ್ಡ ಪ್ರಚಾರಕಾರ್ಯವೇ. ‘ಆತ್ಮವೊಂದರ ಕಥೆ’ ಎಂಬ ಅವರ ಗ್ರಂಥವನ್ನು ಆ ದೃಷ್ಟಿಯಿಂದ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಇದು ಗ್ರಂಥವಾಗಬೇಕೆಂದು ಹುಟ್ಟಿದ ಬರಹವಲ್ಲ. ಅದರ ಮೊದಲ ಭಾಗವನ್ನು ಅವರು ತಮ್ಮ ಸ್ವಂತ ಅಕ್ಕ, ಆಗಿನ ಮಠಮಾತೆ ಆಗ್ನೆಸರ ಅಪ್ಪಣೆಯಂತೆ, ಮಕ್ಕಳು ಶಾಲೆಯಲ್ಲಿ ಬಳಸುವಂತಹ ನೋಟು ಪುಸ್ತಕದಲ್ಲಿ ಬರೆದರು. 1896ರಲ್ಲಿ ಇನ್ನೊಬ್ಬ ಅಕ್ಕನಿಗಾಗಿ ಕೆಲವು ಹಾಳೆಗಳನ್ನೂ, 1897ರಲ್ಲಿ ಮಠಮಾತೆ ಮರಿ ದ ಗೊಂಜಾಗರಿಗಾಗಿ ಕೊನೆಯ ಭಾಗವನ್ನೂ ಬರೆದರು. ಲೇಖನಿ ಹಿಡಿಯುವ ಶಕ್ತಿಯೂ ಉಳಿಯದಿದ್ದಾಗ ಕಡೆಯ ಪುಟಗಳನ್ನು ಪೆನ್ಸಿಲಿನಿಂದ ಮುಗಿಸಿದರು.

ಈ ಕೊನೆಯ ಭಾಗದಲ್ಲಿಯೇ ಗ್ರಂಥದ ನಿಜವಾದ ಸತ್ವವಿದೆ. ಅಲ್ಲಿ ಪವಾಡಗಳಿಲ್ಲ. ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿನ ಸಹೋದರಿ ಕರವಸ್ತ್ರಗಳನ್ನು ಎತ್ತಿದಾಗಲೆಲ್ಲ ಕೊಳಕು ನೀರು ತೆರೇಸಮ್ಮನವರ ಮುಖಕ್ಕೆ ಸಿಡಿಯುತ್ತದೆ. ಪ್ರಾರ್ಥನೆಯ ವೇಳೆಯಲ್ಲಿ ಮತ್ತೊಬ್ಬ ಸಹೋದರಿ ಮಾಡುವ ಸಣ್ಣದೊಂದು ಸದ್ದು ಅವರ ಏಕಾಗ್ರತೆಯನ್ನು ಕದಡುತ್ತದೆ. ಸಹಿಸುವ ಪ್ರಯತ್ನದಲ್ಲಿಯೇ ಮೈ ಬೆವರುತ್ತದೆ. ಕೊನೆಗೆ ಆ ಸದ್ದನ್ನೇ ಸಂಗೀತವೆಂದು ಭಾವಿಸಿ ಪ್ರಭು ಯೇಸುವಿಗೆ ಅರ್ಪಿಸುತ್ತಾರೆ. ನಡೆಯಲಾಗದ ವೃದ್ಧ ಸಹೋದರಿಯೊಬ್ಬರನ್ನು ಪ್ರತಿ ಸಂಜೆ ಊಟದ ಕೋಣೆಗೆ ಕರೆದೊಯ್ಯುವ ಕೆಲಸ ಅವರದು. ಬೇಗ ನಡೆದರೂ ಆಕ್ಷೇಪ, ನಿಧಾನವಾದರೂ ಆಕ್ಷೇಪ. ಆ ತಾಯಿಗೆ ರೊಟ್ಟಿ ಕತ್ತರಿಸಲು ಕಷ್ಟವಾಗುವುದನ್ನು ಗಮನಿಸಿ, ಯಾರೂ ಹೇಳದಿದ್ದರೂ ಅದನ್ನು ಕತ್ತರಿಸಿಟ್ಟು, ಒಂದು ಮುಗುಳ್ನಗೆ ಬೀರಿ ಬರುತ್ತಾರೆ.

ಈ ಪ್ರಸಂಗಗಳು ನಮ್ಮ ಮನಸ್ಸನ್ನು ತಟ್ಟುವುದೇಕೆ? ಇಲ್ಲಿ ಕಿರಿಕಿರಿಯನ್ನು ಕಿರಿಕಿರಿ ಎಂದೇ ಹೇಳಲಾಗಿದೆ. ಆ ಸದ್ದು ತಮಗೆ ಇಷ್ಟವಾಯಿತೆಂದು ಅವರು ಎಲ್ಲಿಯೂ ನಟಿಸುವುದಿಲ್ಲ. ಮಾತಿಗೆ ಮಾತು ಬೆಳೆಯುವ ಸಂದರ್ಭವೊಂದರಲ್ಲಿ, ಗೆಲ್ಲುವ ಬಲ ತಮಗಿಲ್ಲವೆಂದು ತಿಳಿದು, ರಣರಂಗದಿಂದ ಓಡುವ ಸೈನಿಕನಂತೆ ಓಡಿಹೋದುದನ್ನೂ ನಗುತ್ತಲೇ ಬರೆಯುತ್ತಾರೆ. ಅತ್ತೆ ಸೊಸೆಯರ ಮನೆಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ದಿನ ಕಳೆಯುವ ಯಾರಿಗಾದರೂ ಇದು ತನ್ನದೇ ಕಥೆಯೆನಿಸುತ್ತದೆ.

ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ಬಾಲ್ಯದ ಅಧ್ಯಾಯಗಳಲ್ಲಿ ಹೂವುಗಳೂ ಕಣ್ಣೀರೂ ‘ಪುಟ್ಟ’ ಎಂಬ ವಿಶೇಷಣವೂ ಅತಿಯಾಗಿವೆ. ಇಂದಿನ ಓದುಗನಿಗೆ ಆ ಸಿಹಿ ಬೇಗನೆ ಸಾಕೆನಿಸಬಹುದು. ಅಲ್ಲದೆ, 1898ರಲ್ಲಿ ಪ್ರಕಟವಾದ ಮೊದಲ ಮುದ್ರಣವನ್ನು ಮಾತೆ ಆಗ್ನೆಸರು ಸಾವಿರಾರು ಕಡೆ ತಿದ್ದಿ, ನಯಗೊಳಿಸಿದ್ದರು. ತೆರೇಸಮ್ಮನವರು ಬರೆದಿದ್ದ ಹಾಗೆಯೇ ಆ ಹಸ್ತಪ್ರತಿಗಳು ಓದುಗರ ಕೈ ಸೇರಿದ್ದು 1956ರಲ್ಲಿ. ಆಗ್ನೆಸರ ಉದ್ದೇಶ ಒಳ್ಳೆಯದೇ. ಆ ಮುದ್ರಣದಿಂದಲೇ ಗ್ರಂಥವು ಲೋಕಕ್ಕೆ ತಲುಪಿತು. ಆದರೂ ಸಾಕ್ಷ್ಯವನ್ನು ಒಪ್ಪಓರಣ ಮಾಡಿದಷ್ಟೂ ಅದರೊಳಗಿನ ಮನುಷ್ಯಮುಖ ಮಸುಕಾಗುತ್ತದೆ ಎಂಬ ಪಾಠವನ್ನು ನಾವು ಇಲ್ಲಿಂದ ಕಲಿಯಬೇಕು. ನಮ್ಮ ಪೀಠಗಳ ಮೇಲೆ ಗುಲಾಬಿಗಳನ್ನು ಹಿಡಿದು ನಿಂತಿರುವ ತೆರೇಸಮ್ಮನವರಿಗೆ ಮಾತ್ರ ಕೈಮುಗಿದವರು ಕೊಳಕು ನೀರಿಗೆ ಮುಖವೊಡ್ಡಿದ ತೆರೇಸಮ್ಮನವರನ್ನು ಅರಿಯುವುದಾದರೂ ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. 1896ರ ಪಾಸ್ಖ ಹಬ್ಬದ ದಿನಗಳಿಂದ ಸಾಯುವ ತನಕ ತೆರೇಸಮ್ಮನವರ ವಿಶ್ವಾಸವನ್ನು ಗಾಢ ಕತ್ತಲೆ ಕವಿದಿತ್ತು. ಸ್ವರ್ಗವೇ ಇಲ್ಲವೇನೋ ಎಂಬ ಯೋಚನೆ ಅವರನ್ನು ಕಾಡಿತು. ಅದನ್ನೂ ಅವರು ಬರೆದಿಟ್ಟರು. ನಂಬದವರ ಮೇಜಿನಲ್ಲಿ ಅವರ ಜೊತೆ ಕುಳಿತು ಅದೇ ಕಹಿ ರೊಟ್ಟಿಯನ್ನು ತಿನ್ನಲು ತಾನು ಸಿದ್ಧಳೆಂದು ದೇವರಿಗೆ ನಿವೇದಿಸಿಕೊಂಡರು.

ನಮ್ಮ ಧ್ಯಾನಕೂಟಗಳಲ್ಲಿ ಕೇಳಿಬರುವ ಸಾಕ್ಷ್ಯಗಳನ್ನು ನೆನೆದುಕೊಳ್ಳಿ. ರೋಗವಿತ್ತು, ಪ್ರಾರ್ಥಿಸಿದೆ, ಗುಣವಾಯಿತು; ಸಾಲವಿತ್ತು, ಹರಕೆ ಹೊತ್ತೆ, ತೀರಿತು. ದೇವರ ಉಪಕಾರವನ್ನು ಸಾರುವುದು ತಪ್ಪಲ್ಲ. ಆದರೆ ಅದೇ ಸಭೆಯ ಕೊನೆಯ ಸಾಲಿನಲ್ಲಿ, ಅಷ್ಟೇ ನಂಬಿಕೆಯಿಂದ ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕುಳಿತಿರಬಹುದು. ಗೆಲುವಿನ ಸಾಕ್ಷ್ಯಗಳು ಮಾತ್ರವೇ ಸಾಕ್ಷ್ಯಗಳಾದರೆ ಅವಳಿಗೆ ನಮ್ಮಲ್ಲಿ ಸ್ಥಳವೆಲ್ಲಿ? ಕತ್ತಲೆಯಲ್ಲಿಯೂ ಪ್ರೀತಿಸುವುದನ್ನು ಬಿಡದ ತೆರೇಸಮ್ಮನವರ ಪುಟಗಳು ಅವಳ ಪಕ್ಕದಲ್ಲಿ ಹೋಗಿ ಕೂರುತ್ತವೆ.

ಸ್ವಂತ ಅನುಭವವನ್ನೇ ಹೇಳುತ್ತಾ ಹೋದರೆ ಅದು ಆತ್ಮಪ್ರಶಂಸೆಯಾಗದೇ ಎಂದು ನೀವು ಕೇಳಬಹುದು. ಅಪಾಯವಿದೆ. ತೆರೇಸಮ್ಮನವರು ಅದರಿಂದ ಪಾರಾದದ್ದು ದೇವರ ವಾಕ್ಯದ ಆಸರೆಯಿಂದ. ಶ್ರೀಮಂತರ ಮನೆಗಳಲ್ಲಿ ಕಂಡ ಲಿಫ್ಟಿನಂತಹ ಸಾಧನವೊಂದನ್ನು ಅವರು ಆಧ್ಯಾತ್ಮಿಕ ಜೀವನದಲ್ಲಿಯೂ ಹುಡುಕುತ್ತಾರೆ. ಉತ್ತರ ದೊರೆತದ್ದು ಜ್ಞಾನೋಕ್ತಿಗಳ ಹಾಗೂ ಯೆಶಾಯನ ಗ್ರಂಥಗಳಲ್ಲಿ: ಏರಲಾಗದ ಮಗುವನ್ನು ಯೇಸುವಿನ ತೋಳುಗಳೇ ಎತ್ತಿಕೊಳ್ಳುತ್ತವೆ. ಅನುಭವ ಅವರದು, ಅದನ್ನು ಓದುವ ಬೆಳಕು ವಾಕ್ಯದ್ದು. ದೈವಶಾಸ್ತ್ರದ ವ್ಯಾಸಂಗ ಮಾಡದ ಈ ಯುವತಿಯನ್ನು 1997ರಲ್ಲಿ ಪೋಪ್ 2ನೇ ಜಾನ್ ಪಾಲರು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ಆದುದರಿಂದ, ಪ್ರಿಯ ವಾಚಕರೇ, ನೆರೆಮನೆಯವರೋ ನಿಮ್ಮ ಮಕ್ಕಳೋ ನಿಮ್ಮ ವಿಶ್ವಾಸದ ಬಗ್ಗೆ ಕೇಳಿದಾಗ ದೊಡ್ಡ ಮಾತುಗಳಿಗಾಗಿ ತಡಕಾಡಬೇಡಿ. ಇಂದು ಯಾರ ಮಾತನ್ನು ಸಹಿಸಿದಿರಿ, ಎಲ್ಲಿ ಸೋತಿರಿ, ಯಾವ ವಾಕ್ಯ ನಿಮ್ಮನ್ನು ಮತ್ತೆ ಎಬ್ಬಿಸಿತು ಎಂಬುದನ್ನು ಇದ್ದಂತೆಯೇ ಹೇಳಿರಿ. ಕತ್ತಲೆಯಿದ್ದರೆ ಕತ್ತಲೆಯೆಂದೇ ಹೇಳಿರಿ.