ಸಾಕ್ಷಿ ಓದುವ ಬಗೆ: ರಸಿಕರಿಗೊಂದು ಕೈಪಿಡಿ

ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ರೂಢಿಯಿದೆ. ಭಾನುವಾರದ ಆರಾಧನೆಯಲ್ಲೋ ಮನೆಯ ಪ್ರಾರ್ಥನಾ ಕೂಟದಲ್ಲೋ ಒಬ್ಬರು ಎದ್ದು ನಿಂತು, ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದನೆಂದು ಹೇಳಿ ಕೂರುತ್ತಾರೆ. ಈ ಮಾತೇ ಪುಸ್ತಕದ ಉದ್ದಕ್ಕೆ ಬೆಳೆದಾಗ ಅದೊಂದು ಸಾಹಿತ್ಯ ಪ್ರಕಾರ. ಮನಸ್ಸು ದೇವರ ಕಡೆಗೆ ತಿರುಗಿದ ಕಥೆಯನ್ನು ಕ್ರೈಸ್ತರು ಹದಿನಾರು ಶತಮಾನಗಳಿಂದ ಹೀಗೆ ಬರೆಯುತ್ತ ಬಂದಿದ್ದಾರೆ. ಹೊಸಬರು ಇಂಥ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಆ ಒಂದು ಗಳಿಗೆಯನ್ನು. ಕಣ್ಣೀರು ಹರಿದದ್ದು ಯಾವ ಪುಟದಲ್ಲಿ, ಬೆಳಕು ಬಿದ್ದದ್ದು ಯಾವಾಗ? ಅದು ಸಿಕ್ಕಿದ ಕೂಡಲೇ ಉಳಿದದ್ದನ್ನು ಮಗುಚಿಡುತ್ತಾರೆ. ಈ ಪ್ರಕಾರದ ಅರ್ಧ ಸತ್ವ ಅಲ್ಲಿಯೇ ಕೈತಪ್ಪುತ್ತದೆ.

ಮೂಲಪುರುಷ ಸಂತ ಅಗಸ್ಟೀನ್. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದಾಗ, 397ರ ಸುಮಾರಿಗೆ, ಆತ ‘ಕನ್‌ಫೆಷನ್ಸ್’ ಬರೆಯತೊಡಗಿದ. ಓದುವಾಗ ಮೊದಲು ಕಿವಿಗೊಡಬೇಕಾದದ್ದು ಆತ ಯಾರೊಡನೆ ಮಾತಾಡುತ್ತಿದ್ದಾನೆ ಎಂಬುದಕ್ಕೆ. ಇಡೀ ಪುಸ್ತಕ ದೇವರನ್ನು ‘ನೀನು’ ಎಂದು ಕರೆದು ಆಡಿದ ಮಾತು. ವಚನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಈ ಸಲುಗೆ ಕೂಡಲೇ ಹಿಡಿಸುತ್ತದೆ. ಎಲ್ಲವನ್ನೂ ಬಲ್ಲ ದೇವರಿಗೆ ತನ್ನ ಕಥೆಯನ್ನು ಯಾಕೆ ಹೇಳಬೇಕು ಎಂಬ ಪ್ರಶ್ನೆಯನ್ನು ಆತನೇ ಎತ್ತಿಕೊಳ್ಳುತ್ತಾನೆ. ಮನುಷ್ಯರೂ ಕೇಳಿಸಿಕೊಳ್ಳಲಿ, ಕೇಳಿದವರ ಹೃದಯ ನಿರಾಶೆಯಲ್ಲಿ ಮಲಗದೆ ಎಚ್ಚರಗೊಳ್ಳಲಿ ಎಂಬುದು ಆತನ ಉತ್ತರ. ಅಂದರೆ ಓದುಗರಿಗೆ ಇಲ್ಲಿ ಒಂದು ಜಾಗವಿದೆ. ನಾವು ಇನ್ನೊಬ್ಬರ ಪ್ರಾರ್ಥನೆಯ ಪಕ್ಕದಲ್ಲಿ ಕೂತಿರುತ್ತೇವೆ.

ಪ್ರಸಿದ್ಧವಾದ ತೋಟದ ಪ್ರಸಂಗ ಎಂಟನೆಯ ಭಾಗದಲ್ಲಿದೆ. ಇಟಲಿಯ ಮಿಲಾನ್ ನಗರ, 386ನೆಯ ಇಸವಿ. ಅದನ್ನು ಓದುವ ಮೊದಲು ಅದೇ ಭಾಗದ ಆರಂಭಕ್ಕೆ ಹೋಗಿ, ನಿಧಾನವಾಗಿ ಬನ್ನಿ. ಮೊದಲು ಸಿಂಪ್ಲಿಸಿಯಾನಸ್ ಎಂಬ ಹಿರಿಯ, ರೋಮಿನ ದೊಡ್ಡ ಪಂಡಿತ ವಿಕ್ಟೋರಿನಸ್ ಜನರೆದುರು ನಿಂತು ವಿಶ್ವಾಸ ಘೋಷಿಸಿದ ಕಥೆ ಹೇಳುತ್ತಾನೆ. ಆಮೇಲೆ ಮನೆಗೆ ಬಂದ ಪೊಂಟಿಸಿಯಾನಸ್ ಈಜಿಪ್ಟಿನ ವಿರಕ್ತ ಆಂಟನಿಯ ಕಥೆ ತೆಗೆಯುತ್ತಾನೆ. ಆಂಟನಿಯ ಚರಿತ್ರೆಯನ್ನು ಓದಿ ಇಬ್ಬರು ರಾಜಾಧಿಕಾರಿಗಳು ನಿಂತ ನಿಲುವಿನಲ್ಲೇ ಕೆಲಸ ಬಿಟ್ಟದ್ದನ್ನೂ ಹೇಳುತ್ತಾನೆ. ಆ ಆಂಟನಿಯಾದರೂ ಬದಲಾದದ್ದು ಚರ್ಚಿನಲ್ಲಿ ಓದಿದ ಸುವಾರ್ತೆ ಕಿವಿಗೆ ಬಿದ್ದು. ಇಷ್ಟು ಕಥೆಗಳ ಭಾರ ಹೊತ್ತು ಅಗಸ್ಟೀನ್ ತೋಟಕ್ಕೆ ಇಳಿಯುತ್ತಾನೆ, ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಾನೆ. ಪಕ್ಕದ ಮನೆಯಿಂದ ಮಗುವಿನ ದನಿಯೊಂದು ಎತ್ತಿಕೊಂಡು ಓದು ಎಂದಂತಾಗುತ್ತದೆ. ಬೈಬಲಿನಲ್ಲಿ ಬರುವ ಪೌಲನ ಪತ್ರಗಳ ಗ್ರಂಥ ತೆರೆದು ಕಣ್ಣಿಗೆ ಬಿದ್ದಷ್ಟನ್ನು ಓದುತ್ತಾನೆ. ಜೊತೆಗಿದ್ದ ಗೆಳೆಯ ಅಲಿಪಿಯಸ್ ಅದರ ಮುಂದಿನ ಮಾತನ್ನು ಓದಿ, ಇದು ನನಗೆ ಎನ್ನುತ್ತಾನೆ. ಇಬ್ಬರೂ ಒಳಗೆ ಹೋಗಿ ತಾಯಿ ಮೋನಿಕಾಳಿಗೆ ತಿಳಿಸುತ್ತಾರೆ. ದರ್ಶನವಿಲ್ಲ, ಗುಡುಗಿಲ್ಲ; ಒಂದು ಗ್ರಂಥ, ಇಬ್ಬರು ಓದುಗರು.

ಈ ಪ್ರಕಾರದ ಬಗ್ಗೆ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇದೇ. ಇಲ್ಲಿ ಬರೆದವರೆಲ್ಲ ಮೊದಲು ಓದಿದವರು, ಕೇಳಿದವರು. ಸ್ಪೇನಿನ ಆವಿಲಾ ಪಟ್ಟಣದ ಸಂತ ತೆರೇಸಾ (1515–1582) ಕಾನ್ವೆಂಟ್ ಸೇರಿ ಎಷ್ಟೋ ವರ್ಷಗಳಾದ ಮೇಲೆ ಅಗಸ್ಟೀನ್‌ನ ಪುಸ್ತಕ ಆಕೆಯ ಕೈಸೇರಿತು. ತೋಟದ ಭಾಗಕ್ಕೆ ಬಂದಾಗ ಆ ದನಿ ತನಗೇ ಕೇಳಿಸಿದಂತಾಯಿತೆಂದು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾಳೆ. ಜರ್ಮನಿಯ ತತ್ವಶಾಸ್ತ್ರಜ್ಞೆ, ಯಹೂದಿ ಮನೆತನದ ಈಡಿತ್ ಸ್ಟೈನ್ 1921ರಲ್ಲಿ ಗೆಳತಿಯ ಮನೆಯಲ್ಲಿ ಓದಿದ್ದು ತೆರೇಸಾಳ ಆ ಆತ್ಮಚರಿತ್ರೆಯನ್ನು. ಮರುವರ್ಷದ ಜನವರಿ 1ರಂದು ಆಕೆ ದೀಕ್ಷಾಸ್ನಾನ ಪಡೆದಳು. 1942ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟಳು. ಆದ್ದರಿಂದ ಯಾವ ಸಾಕ್ಷಿಯನ್ನು ಓದುವಾಗಲೂ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಇವರ ಕೈಯಲ್ಲಿ ಆಗ ಯಾವ ಪುಸ್ತಕವಿತ್ತು, ಯಾರ ಮಾತು ಕಿವಿಯಲ್ಲಿತ್ತು? ಒಂಟಿಯಾಗಿ ಬದಲಾದವರು ಈ ಸಾಲಿನಲ್ಲಿ ಸಿಗುವುದು ಕಷ್ಟ.

ತೆರೇಸಾಳನ್ನು ಓದುವಾಗ ಆಕೆ ಸುಮಾರು ಇಪ್ಪತ್ತು ವರ್ಷಗಳ ಒಣ ಕಾಲದ ಬಗ್ಗೆ ಬರೆದದ್ದನ್ನು ಹಾರಿಸಬೇಡಿ. ಪ್ರಾರ್ಥನೆಗೆ ಕೂತು, ಅದು ಮುಗಿಯುವ ಹೊತ್ತಿನ ಗಂಟೆ ಯಾವಾಗ ಬಾರಿಸೀತೆಂದು ಕಾದದ್ದನ್ನು ಆ ಸನ್ಯಾಸಿನಿ ಮುಚ್ಚಿಡದೆ ಹೇಳುತ್ತಾಳೆ. ಪ್ರಾರ್ಥನೆ ಮಾಗುವ ಬಗೆಯನ್ನು ಆಕೆ ತೋಟಕ್ಕೆ ನೀರು ಕಟ್ಟುವ ನಾಲ್ಕು ಬಗೆಗಳಾಗಿ ವಿವರಿಸುತ್ತಾಳೆ: ಬಾವಿಯಿಂದ ಸೇದಿ ಹೊತ್ತು ಹಾಕುವುದು, ಗಡಿಗೆ ಕಟ್ಟಿದ ಚಕ್ರ ತಿರುಗಿಸಿ ಎತ್ತುವುದು, ಹೊಳೆಯಿಂದಲೋ ತೊರೆಯಿಂದಲೋ ಹಾಯಿಸುವುದು, ಕೊನೆಗೆ ಮಳೆ. ಮೊದಲನೆಯದರಲ್ಲಿ ತೋಳು ನೋಯುತ್ತದೆ; ನಾಲ್ಕನೆಯದರಲ್ಲಿ ತೋಟದವನ ಶ್ರಮವೇ ಇಲ್ಲ. ಆದರೆ ಬಾವಿ ಸೇದುವವಳ ಮೇಲೆ ಆಕೆಗಿರುವ ಗೌರವವನ್ನು ನೋಡಿ. ಇದನ್ನೆಲ್ಲ ಆಕೆ ಬರೆದದ್ದು ಗುರುಗಳ ಅಪ್ಪಣೆಯಂತೆ; ಅವರು ತಪ್ಪು ಹುಡುಕುವ ಅಧಿಕಾರವಿದ್ದವರು. ನಾನು ಅರಿಯದ ಹೆಂಗಸು ಎಂದು ಮತ್ತೆ ಮತ್ತೆ ಹೇಳಿಕೊಳ್ಳುವುದರ ಹಿಂದೆ ಆ ಕಣ್ಗಾವಲಿನ ಅರಿವೂ ಇದೆ.

ಈಗ ‘ಆಮೇಲೆ’ ಏನಾಯಿತು ಎಂಬುದಕ್ಕೆ ಬರೋಣ. ಅಗಸ್ಟೀನ್‌ನ ಹತ್ತನೆಯ ಭಾಗ ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯಂತ ಧೈರ್ಯದ ಬರಹ. ತೋಟದ ಘಟನೆ ಕಳೆದು ಹತ್ತು ವರ್ಷ ದಾಟಿದೆ, ಆತ ಬಿಷಪ್ ಆಗಿದ್ದಾನೆ. ಎಲ್ಲ ನೇರ್ಪಟ್ಟಿತು ಎಂದು ಬರೆಯಬಹುದಿತ್ತು. ಬರೆದದ್ದು ಬೇರೆ: ಹಳೆಯ ಆಸೆಗಳು ಕನಸಿನಲ್ಲಿ ಇನ್ನೂ ಬರುತ್ತವೆ, ಹೊಗಳಿಕೆ ಕೇಳಿದರೆ ಮನಸ್ಸು ಅರಳುತ್ತದೆ, ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಪ್ರಾರ್ಥನೆ ಮರೆಯುತ್ತದೆ. ಚರ್ಚಿನ ಹಾಡು ಕೇಳುವಾಗ ಸಾಹಿತ್ಯಕ್ಕಿಂತ ರಾಗವೇ ತನ್ನನ್ನು ಹೆಚ್ಚು ಸೆಳೆಯುತ್ತದಲ್ಲ ಎಂದು ಪೇಚಾಡುತ್ತಾನೆ. ಸಂಗೀತ ಬೇಡವೇ ಬೇಡ ಎನ್ನಲು ಹೋಗಿ, ಹಿಂದೆ ಅದೇ ಹಾಡುಗಳಿಗೆ ಕಣ್ಣೀರಿಟ್ಟದ್ದು ನೆನಪಾಗಿ ಹಿಂದೆ ಸರಿಯುತ್ತಾನೆ. ಭಜನೆ ಕೇಳುತ್ತ ಕೂತ ಯಾವ ರಸಿಕನೂ ಈ ತೊಳಲಾಟವನ್ನು ಬಲ್ಲ.

ಹೇಳದೆ ಬಿಟ್ಟದ್ದಕ್ಕೂ ಕಣ್ಣಿಡಿ. ಅಗಸ್ಟೀನ್‌ನೊಡನೆ ಎಷ್ಟೋ ವರ್ಷ ಬಾಳಿ ಆತನ ಮಗನನ್ನು ಹೆತ್ತವಳನ್ನು ಆಫ್ರಿಕಕ್ಕೆ ವಾಪಸು ಕಳಿಸಲಾಯಿತು. ತನ್ನ ಹೃದಯ ಹರಿದು ರಕ್ತ ಸುರಿಯಿತೆಂದು ಆತ ಬರೆಯುತ್ತಾನೆ; ಅವಳ ಹೆಸರು ಬರೆಯುವುದಿಲ್ಲ. ಭಕ್ತಿಯಿಂದ ಓದುವವರೂ ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ನಿಂತರೆ ಪುಸ್ತಕಕ್ಕೆ ಅಪಚಾರವಾಗುವುದಿಲ್ಲ.

ನಮ್ಮ ನೆಲದಲ್ಲಿ ಹುಟ್ಟಿದ ಸಾಕ್ಷಿಯೊಂದು ಪಂಡಿತಾ ರಮಾಬಾಯಿಯವರದು. ಅವರು 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಜೊತೆ ತೀರ್ಥಕ್ಷೇತ್ರಗಳನ್ನು ಸುತ್ತಿ, ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ಅವರ ‘ಟೆಸ್ಟಿಮನಿ’ ಸಣ್ಣ ಪುಸ್ತಕ. ಅಲ್ಲಿ ದೀಕ್ಷಾಸ್ನಾನ ಕಥೆಯ ಕೊನೆಯಲ್ಲ. ಎಂಟು ವರ್ಷ ಕಳೆದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಎಂಬುದು ಅರಿವಾಯಿತೆಂದು ಅವರು ಬರೆಯುತ್ತಾರೆ. ಆ ಅರಿವಿಗೆ ದಾರಿಯಾದದ್ದೂ ಪುಸ್ತಕವೇ: ಹಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥನ. ಬೋಧಿಸುತ್ತಿದ್ದ ಹೊತ್ತಿನಲ್ಲಿಯೇ ಪರಿವರ್ತನೆಯಾದ ಪಾದ್ರಿ ಆತ. ಇದರ ಜೊತೆಗೆ ರಮಾಬಾಯಿಯವರ ಪತ್ರಗಳನ್ನೂ ಓದಿ. ತಮಗೆ ಆಸರೆಯಾಗಿದ್ದ ಇಂಗ್ಲೆಂಡಿನ ಕನ್ಯಾಸ್ತ್ರೀಯೊಡನೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕತ್ವದ ಬಗ್ಗೆ, ಪುರೋಹಿತರ ಅಧಿಕಾರದ ಬಗ್ಗೆ ಅವರು ಬಗ್ಗದೆ ವಾದಿಸಿದ್ದಾರೆ. ಸಾಕ್ಷಿಯಲ್ಲಿ ಶರಣಾದವರೂ ಪತ್ರದಲ್ಲಿ ಸೆಟೆದು ನಿಂತವರೂ ಒಬ್ಬರೇ. ಈ ಎರಡನ್ನೂ ಕೂಡಿಸಿ ಓದಿದಾಗ ಅವರ ಶರಣಾಗತಿಯ ಬೆಲೆ ಗೊತ್ತಾಗುತ್ತದೆ.

ಓದಿನ ಕ್ರಮ ಕೇಳುವವರಿಗೆ ನಾನು ಹೇಳುವುದು ಇಷ್ಟು. ರಮಾಬಾಯಿಯವರಿಂದ ತೊಡಗಿ, ಒಂದು ಸಂಜೆ ಸಾಕು. ಆಮೇಲೆ ಅಗಸ್ಟೀನ್‌ನ ಮೊದಲ ಒಂಬತ್ತು ಭಾಗ, ಆತುರವಿಲ್ಲದೆ, ಸಾಧ್ಯವಾದರೆ ಗಟ್ಟಿಯಾಗಿ ಓದಿಕೊಂಡು. ಕಾಲದ ಬಗ್ಗೆ, ಸೃಷ್ಟಿಯ ಬಗ್ಗೆ ಇರುವ ಕೊನೆಯ ಮೂರು ಭಾಗಗಳನ್ನು ಮೊದಲ ಓದಿಗೆ ಬಿಟ್ಟರೂ ನಡೆದೀತು. ಹತ್ತನೆಯದನ್ನು ಮಾತ್ರ ಬಿಡಬೇಡಿ.