ರಾಗಿ ಗೆದ್ದದ್ದು ಯಾವುದರಲ್ಲಿ?

2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷದಿಂದೀಚೆಗೆ ತೂಕ ಇಳಿಸುವ ಮಾತು ಬಂದಾಗಲೆಲ್ಲ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಸಾಕ್ಷಿಗೆ ಎಳೆದು ತರುವವರಿದ್ದಾರೆ. ಭತ್ತವನ್ನು ಸೋಲಿಸಿದ ರಾಗಿ ಬೊಜ್ಜನ್ನು ಸೋಲಿಸದೇ? ಈ ಓದು ನಮಗೆ ಒಪ್ಪಿಗೆಯಿಲ್ಲ. ಕಾವ್ಯದಲ್ಲಿ ಶ್ರೀರಾಮ ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಗೆದ್ದದ್ದು ಬಾಳಿಕೆ, ಸೋತದ್ದು ಬಡವರ ಊಟವನ್ನು ಹೀಯಾಳಿಸಿದ ಸೊಕ್ಕು. ಸೊಂಟದ ಸುತ್ತಳತೆಯ ಮಾತು ಅಲ್ಲಿಲ್ಲ.

ಕಬಿನಿ ಅಣೆಕಟ್ಟಿನ ಬೀಚನಹಳ್ಳಿಯ ಕಡೆ ಮುದ್ದೆ ಉಂಡವರು ಬಿಸಿಲಲ್ಲಿ ಕಳೆ ಕಿತ್ತವರು. ಉಂಡದ್ದು ಹೊಲದಲ್ಲೇ ಕರಗುತ್ತಿತ್ತು. ಪೇಟೆಯ ನಾವು ಮುದ್ದೆಯನ್ನಷ್ಟೇ ತಂದುಕೊಂಡೆವು, ಹೊಲವನ್ನು ಅಲ್ಲೇ ಬಿಟ್ಟೆವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 356. ಅಂತರ ಇಷ್ಟೇ. ನಾರಿನಂಶ ಮಾತ್ರ ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಹೊಟ್ಟೆ ಬೇಗ ತುಂಬಿದಂತಾಗುವುದು ಅದರಿಂದ. ತುಂಬಿದ ಮೇಲೂ ಇನ್ನೊಂದು ಮುದ್ದೆ ಹಾಕಿಸಿಕೊಂಡರೆ ನಾರು ತಾನೇ ಏನು ಮಾಡೀತು? (ಮದುವೆ ಮನೆಯ ಬಿರಿಯಾನಿಯ ಲೆಕ್ಕ ಇಲ್ಲಿ ಬೇಡ.) ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೋಟೆ ಸೀಮೆಯ ಕೂಲಿ ಹೆಂಗಸಿಗೆ ಅದು ಒಂದು ಬೆಳಗಿನ ದುಡಿಮೆ. ಆಕೆಯ ತಟ್ಟೆಯನ್ನು ಹೊಗಳುವ ನಾವು ಆಕೆಯ ಕೂಲಿಯ ಬಗ್ಗೆ ಕೇಳಿದ್ದುಂಟೇ?